ವೈರಸ್ಸಿಗೆ ನಮ್ಮ ಊರಿನ ಹೆಸರಿದೆ, ಔಷಧಿ ಇಲ್ಲ: ಒಬ್ಬ ಟೊಮೆಟೊ ಬೆಳೆಗಾರನ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ, ತೋಟಗಾರಿಕೆ ಸಚಿವರಿಗೆ ಮತ್ತು ನಮ್ಮ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಗಾರ. ಮೂರು ಎಕರೆ ಜಮೀನು, ಒಂದು ಬೋರ್‌ವೆಲ್. ಬೆಲೆ ಬಗ್ಗೆ ಬರೆಯೋಕೆ ಕೂತಿಲ್ಲ. ಬೆಲೆ ಬಿದ್ದಾಗ ರಸ್ತೆಗೆ ಸುರಿಯೋದು, ಏರಿದಾಗ ಟಿವಿಯವರು ಹೊಲಕ್ಕೆ ಬರೋದು, ಅದೆಲ್ಲ ನಿಮಗೂ ಗೊತ್ತಿದೆ. ಇವತ್ತು ಒಂದು ಎಲೆ ವಿಷಯ ಹೇಳಬೇಕು. ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಹೋದ ವರ್ಷ ಏಪ್ರಿಲ್. ನಾಟಿ ಮಾಡಿ ಹದಿನೆಂಟು ದಿನ ಆಗಿತ್ತು. ಬೆಳಿಗ್ಗೆ ಡ್ರಿಪ್ ತಿರುಗಿಸೋಕೆ ಹೋದ ಅಮ್ಮ ಎರಡನೇ ಸಾಲಿನಲ್ಲಿ ಒಂದು ಸಸಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಏನಮ್ಮಾ ಅಂದೆ, ಮಾತಾಡಲಿಲ್ಲ. ನಾನೂ ಬಗ್ಗಿ ನೋಡಿದೆ. ಸುಳಿ ಎಲೆಗಳು ಚಿಕ್ಕದಾಗಿ, ಅಂಚು ಮೇಲಕ್ಕೆ ಮಡಚಿಕೊಂಡು, ಚಮಚದ ಹಾಗೆ ಆಗಿದ್ದವು. ಅಂಚೆಲ್ಲ ಹಳದಿ, ನರದ ಸುತ್ತ ಮಾತ್ರ ಹಸಿರು. ಮುಟ್ಟಿದರೆ ಎಳೆ ಎಲೆಯ ಮೆತ್ತನೆ ಇಲ್ಲ, ಒರಟು ಒರಟು. ಅಮ್ಮ ಗಿಡವನ್ನು ಬೆರಳಲ್ಲಿ ಒಮ್ಮೆ ತಟ್ಟಿದಳು. ಎಲೆ ಕೆಳಗಿಂದ ಬೂದಿ ಊದಿದ ಹಾಗೆ ಬಿಳಿ ನೊಣಗಳು ಎದ್ದವು, ಅರೆ ಕ್ಷಣ ಗಾಳಿಯಲ್ಲಿ ಸುತ್ತಿದವು, ಪಕ್ಕದ ಸಸಿಯ ಎಲೆ ಕೆಳಗೆ ಹೋಗಿ ಸೇರಿಕೊಂಡವು. "ಹೋಯ್ತು ಬಿಡು" ಅಂದಳು.

ಅದು ಎಲೆ ಮುದುಡು ರೋಗ. ನಮ್ಮ ಕಡೆ ಬರೀ "ವೈರಸ್ ಬಂತು" ಅಂತಾರೆ.

ಅಮ್ಮ ಹೇಳಿದ್ದು ಸರಿಯೇ ಆಯಿತು. ಆದರೆ ಅವಳ ಮಾತು ಕೇಳದೆ ನಾನು ಔಷಧಿ ಅಂಗಡಿಗೆ ಓಡಿದೆ. ಮೂರು ಬಾಟಲಿ ಕೊಟ್ಟರು. ಒಂದು ನೊಣಕ್ಕೆ, ಒಂದು ಗಿಡಕ್ಕೆ ಶಕ್ತಿ ಬರೋಕೆ, ಇನ್ನೊಂದು "ವೈರಸ್ಸಿಗೇ" ಅಂತ. ಆ ಮೂರನೆಯದರಲ್ಲಿ ಏನಿದೆ ಅಂತ ಲೇಬಲ್ ಮೇಲೆ ಸರಿಯಾಗಿ ಬರೆದೂ ಇರಲಿಲ್ಲ. ನಾಲ್ಕು ದಿನಕ್ಕೊಂದು ಸಲ ಹೊಡೆದೆ, ಆಮೇಲೆ ಮೂರು ದಿನಕ್ಕೊಂದು ಸಲ. ಕೋಲು, ದಾರ, ಮಲ್ಚಿಂಗ್ ಶೀಟು, ಗೊಬ್ಬರ, ಕೂಲಿ ಎಲ್ಲ ಮೊದಲೇ ಹಾಕಿ ಆಗಿತ್ತಲ್ಲ, ಬಿಡೋಕೆ ಮನಸ್ಸು ಬರಲಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಹತ್ತು ಗಿಡದಲ್ಲಿ ಎಂಟು ಕುಗ್ಗಿ ಕೂತಿದ್ದವು. ಹೂವು ಉದುರಿತು. ಮಂಡಿಗೆ ಹೋಗಿದ್ದು ಲೆಕ್ಕಕ್ಕೆ ಬಾರದಷ್ಟು.

ಆಮೇಲೆ ಒಬ್ಬ ಕೃಷಿ ಪದವೀಧರ ಹುಡುಗ ನನಗೆ ಸಿಕ್ಕ. ಅವನು ಹೇಳಿದ್ದನ್ನ ಯಾರಾದರೂ ಮೊದಲ ದಿನವೇ ಹೇಳಿದ್ದರೆ ನನ್ನ ಅರ್ಧ ಸಾಲ ಉಳಿಯುತ್ತಿತ್ತು. "ಅಣ್ಣಾ, ಗಿಡಕ್ಕೆ ಒಮ್ಮೆ ವೈರಸ್ ಸೇರಿದರೆ ಅದನ್ನ ತೆಗೆಯೋ ಔಷಧಿ ಇಲ್ಲ. ನೀವು ಹೊಡೀತಿರೋದು ನೊಣಕ್ಕೆ. ನೊಣ ಸಾಯೋ ಮುಂಚೆ ಕೆಲಸ ಮುಗಿಸಿರುತ್ತೆ."

ಇದು ನಮ್ಮೂರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ ಸಾರ್. ಹುಳಕ್ಕೆ ಔಷಧಿ ಇದೆ, ಬೂಷ್ಟಿಗೆ ಔಷಧಿ ಇದೆ, ಹಾಗಾಗಿ ವೈರಸ್ಸಿಗೂ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ವೈರಸ್ ಅನ್ನೋದು ಗಿಡದ ಜೀವಕೋಶದ ಒಳಗೆ ಹೊಕ್ಕು, ಆ ಕೋಶದ ಸಾಮಾನನ್ನೇ ಬಳಸಿ ತನ್ನ ಸಂತಾನ ಬೆಳೆಸಿಕೊಳ್ಳುತ್ತೆ. ಅದನ್ನ ಸಾಯಿಸಬೇಕಾದರೆ ಗಿಡದ ಕೋಶವನ್ನೇ ಸಾಯಿಸಬೇಕು. ಬಿಳಿ ನೊಣ ರೋಗದ ಗಿಡದಲ್ಲಿ ಸ್ವಲ್ಪ ಹೊತ್ತು ರಸ ಹೀರಿದರೆ ಸಾಕು, ವೈರಸ್ ಅದರ ಮೈ ಸೇರುತ್ತೆ. ಆಮೇಲೆ ಆ ನೊಣ ದಿನಗಟ್ಟಲೆ ಕೂತ ಕೂತ ಗಿಡಕ್ಕೆಲ್ಲ ಅಂಟಿಸುತ್ತಾ ಹೋಗುತ್ತೆ. ಒಂದೇ ಒಂದು ನೊಣ ಸಾಕು ಒಂದು ಗಿಡ ಹಾಳಾಗೋಕೆ. ನಾಟಿ ಮಾಡಿದ ಮೊದಲ 20 ದಿನದೊಳಗೆ ರೋಗ ಹತ್ತಿದರೆ ಇಳುವರಿ ಶೇ. 90ಕ್ಕಿಂತ ಜಾಸ್ತಿ ಹೋಗುತ್ತೆ, ಎರಡು ತಿಂಗಳ ಗಿಡಕ್ಕೆ ಹತ್ತಿದರೆ ನಷ್ಟ ಎಷ್ಟೋ ಕಡಿಮೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನ 1973ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ನನ್ನ ತೋಟಕ್ಕೆ ಬಂದಿದ್ದು ಹದಿನೆಂಟನೇ ದಿನ. ಅಂದರೆ ನಾನು ಮೊದಲ ಬಾಟಲಿ ಕೊಳ್ಳೋ ಮುಂಚೆಯೇ ಕಥೆ ಮುಗಿದಿತ್ತು.

ಆ ಹುಡುಗ ಇನ್ನೊಂದು ವಿಷಯ ಹೇಳಿದ. ನಮ್ಮ ಟೊಮೆಟೊಗೆ ಬರೋ ಈ ವೈರಸ್ಸಿನ ಒಂದು ಜಾತಿಗೆ ವಿಜ್ಞಾನದ ಪುಸ್ತಕದಲ್ಲಿ "ಟೊಮ್ಯಾಟೊ ಲೀಫ್ ಕರ್ಲ್ ಬೆಂಗಳೂರು ವೈರಸ್" ಅಂತಲೇ ಹೆಸರು. ಇನ್ನೊಂದಕ್ಕೆ "ಟೊಮ್ಯಾಟೊ ಲೀಫ್ ಕರ್ಲ್ ಕರ್ನಾಟಕ ವೈರಸ್". ಮಲೆನಾಡಿನ ಏಲಕ್ಕಿಗೆ ಬರೋ ಕಟ್ಟೆ ರೋಗವನ್ನ ಇಂಗ್ಲಿಷ್ ಪುಸ್ತಕದಲ್ಲೂ "ಕಟ್ಟೆ" ಅಂತಲೇ ಬರೆಯುತ್ತಾರಂತೆ. ಕೇಳಿ ನನಗೆ ಹೆಮ್ಮೆ ಆಗಲಿಲ್ಲ, ಬೇಜಾರಾಯಿತು. ಆದರೆ ಅದೇ ಮಾತಿನಿಂದ ನನಗೆ ಹಳೆಯ ಒಂದು ವಿಷಯ ನೆನಪಾಯಿತು. ಈ ಪತ್ರ ಬರೆಯೋಕೆ ಕಾರಣ ಅದೇ.

ನಮ್ಮ ಅಪ್ಪ ಇದ್ದಾಗ, 2004 ಇರಬೇಕು, ನಮ್ಮ ಹೊಲದಲ್ಲಿ ಒಂದು ಮೂಲೆಗೆ "ನಂದಿ" ಅನ್ನೋ ತಳಿ ಹಾಕಿದ್ದರು. ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕಡೆಯಿಂದ ಬಂದ ಬೀಜ. ಉಳಿದ ಕಡೆ ಅಂಗಡಿಯ ಹೈಬ್ರಿಡ್. ಅದು ಬೇಸಿಗೆ ಬೆಳೆ. ಮೇ ತಿಂಗಳಲ್ಲಿ ಬದುವಿನ ಮೇಲೆ ನಿಂತು ನೋಡಿದರೆ ಗೆರೆ ಹೊಡೆದ ಹಾಗೆ ಕಾಣುತ್ತಿತ್ತು. ಈ ಕಡೆ ಮೊಣಕಾಲುದ್ದಕ್ಕೆ ಕುಗ್ಗಿದ ಹಳದಿ ಗಿಡ, ಆ ಮೂಲೆಯಲ್ಲಿ ಎದೆಯುದ್ದದ ಹಸಿರು. ಪಕ್ಕದೂರಿಂದೆಲ್ಲ ಜನ ಬಂದು ನೋಡಿ ಹೋದರು. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು, "ನಾನೇನೂ ಹೊಡೆದಿಲ್ಲ, ಬೀಜವೇ ಹಂಗಿದೆ."

ಆ ಬೀಜ ಹೇಗೆ ಬಂತು ಅಂತ ಆಗ ನಾನು ಯೋಚಿಸಿರಲಿಲ್ಲ. ಈಗ ಕೇಳಿ, ಓದಿ ತಿಳಿದುಕೊಂಡೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಭಾಗದ ಪ್ರಾಧ್ಯಾಪಕರಾಗಿದ್ದ ಡಾ. ವಿ. ಮುನಿಯಪ್ಪ ಅವರು ತಮ್ಮ ಕೆಲಸದ ಬದುಕಿನ ದೊಡ್ಡ ಪಾಲನ್ನ ಗಿಡದ ವೈರಸ್ಸಿಗೆ ಮತ್ತು ಅದನ್ನ ಹೊರೋ ಬಿಳಿ ನೊಣಕ್ಕೆ ಕೊಟ್ಟವರು. 1980ರಲ್ಲೇ ಬಿಳಿ ನೊಣ ರೋಗ ಹರಡೋ ಬಗ್ಗೆ ಅವರು ಬರೆದಿದ್ದು ಹೊರದೇಶದ ಪುಸ್ತಕದಲ್ಲಿ ಬಂದಿದೆ. ಹುರುಳಿಯ ಹಳದಿ ನಂಜು, ತೊಗರಿಯ ಗೊಡ್ಡು ರೋಗ, ಟೊಮೆಟೊ ಮುದುಡು ಎಲ್ಲದರ ಮೇಲೂ ಅವರು ಕೆಲಸ ಮಾಡಿದ್ದಾರೆ. ಅವರೂ ಅವರ ವಿದ್ಯಾರ್ಥಿಗಳೂ ತಿಂಗಳಿಗೆ ತಿಂಗಳು ಬೇರೆ ಬೇರೆ ಸಮಯಕ್ಕೆ ಟೊಮೆಟೊ ನಾಟಿ ಮಾಡಿ, ಯಾವ ತಿಂಗಳ ಬೆಳೆಗೆ ರೋಗ ಎಷ್ಟು, ಆಗ ನೊಣ ಎಷ್ಟು, ಬದುವಿನ ಯಾವ ಕಳೆ ಗಿಡದಲ್ಲಿ ವೈರಸ್ ಅಡಗಿ ಕೂತಿರುತ್ತೆ ಅಂತ ಲೆಕ್ಕ ಇಟ್ಟರು. ಫೆಬ್ರವರಿಯಿಂದ ಮೇವರೆಗಿನ ಬೆಳೆಗೆ ಹೆಚ್ಚು ಕಡಿಮೆ ತೋಟಕ್ಕೆ ತೋಟವೇ ಹೋಗುತ್ತೆ ಅಂತ 1980ರ ದಶಕದಲ್ಲೇ ಅವರ ಬರಹದಲ್ಲಿದೆ. ನನಗೆ ಅದು ಗೊತ್ತಾಗಿದ್ದು ಹೋದ ವರ್ಷ.

ತಡೆಯೋ ಗುಣ ನಾಟಿ ಟೊಮೆಟೊದಲ್ಲಿ ಸಿಗಲಿಲ್ಲ. ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ಬೆಟ್ಟದ ಕಾಡು ಟೊಮೆಟೊದಲ್ಲಿ. ಮೈಯೆಲ್ಲ ರೋಮ, ಮುಟ್ಟಿದರೆ ಅಂಟು, ಹಣ್ಣಾದರೂ ಹಸಿರಾಗೇ ಇರೋ ಚಿಕ್ಕ ಕಾಯಿ, ಬಾಯಿಗೆ ಹಾಕೋ ಹಾಗಿಲ್ಲ. ಹರಿಯಾಣದ ಹಿಸಾರ್‌ನಲ್ಲಿ ನಮ್ಮದೇ ದೇಶದ ವಿಜ್ಞಾನಿಗಳು ಅದನ್ನ ಊರ ಟೊಮೆಟೊ ಜೊತೆ ಕೂಡಿಸಿ ಎಚ್-24 ಅನ್ನೋ ತಳಿ ಮಾಡಿದರು. ಅದು ತೈವಾನ್‌ನ ತರಕಾರಿ ಸಂಶೋಧನಾ ಕೇಂದ್ರಕ್ಕೆ ಹೋಯಿತು, ಅಲ್ಲಿ ಮತ್ತೆ ಮತ್ತೆ ಕೂಡಿಸಿದರು, ಅಲ್ಲಿಂದ ಬೆಂಗಳೂರಿಗೆ ಬಂತು. ಮುನಿಯಪ್ಪ ಅವರ ತಂಡ ಇಂಗ್ಲೆಂಡಿನ ಗ್ರೀನಿಚ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಸೇರಿ ಅದನ್ನ ನಮ್ಮ ಬಿಸಿಲಲ್ಲಿ, ನಮ್ಮ ನೊಣದ ಮಧ್ಯೆ, ನಮ್ಮ ವೈರಸ್ಸಿನ ಎದುರು ನಿಲ್ಲಿಸಿ ಆರಿಸಿತು. ಹಾಗೆ ಬಂದವು ನಂದಿ, ಸಂಕ್ರಾಂತಿ, ವೈಭವ್ ಅನ್ನೋ ಮೂರು ತಳಿ. ಕಾಡಿನ ಒಂದು ಗುಣ ಹಿಸಾರ್ ನೋಡಿ, ತೈವಾನ್ ನೋಡಿ, ಹೆಬ್ಬಾಳ ದಾಟಿ ನಮ್ಮ ಅಪ್ಪನ ಹೊಲದ ಮೂಲೆಗೆ ಬಂದಿತ್ತು.

"ಆರಿಸಿತು" ಅಂತ ಒಂದು ಮಾತಲ್ಲಿ ಬರೆದೆ. ಅದು ಎಂಥ ಕೆಲಸ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಕೃಷಿ ಮೇಳಕ್ಕೆ ಹೋದಾಗ ಒಂದು ಪರದೆ ಮನೆಯಲ್ಲಿ ಒಬ್ಬ ಹುಡುಗಿ, ಸಂಶೋಧನೆ ಮಾಡೋ ವಿದ್ಯಾರ್ಥಿನಿ, ನೊಣ ಹಿಡಿಯುತ್ತಿದ್ದಳು. ಒಂದು ತೆಳು ಗಾಜಿನ ನಳಿಕೆ, ಅದಕ್ಕೆ ರಬ್ಬರ್ ಪೈಪು, ಪೈಪಿನ ತುದಿ ಬಾಯಲ್ಲಿ. ಎಲೆಯನ್ನ ಮೆಲ್ಲಗೆ ಮಗುಚಿ, ನಳಿಕೆಯ ಬಾಯಿ ನೊಣದ ಹತ್ತಿರ ಇಟ್ಟು, ಸ್ವಲ್ಪವೇ ಉಸಿರೆಳೆದರೆ ನೊಣ ಒಳಗೆ. ಎಣಿಸಿ ಎಣಿಸಿ ಹಿಡಿದು ಪುಟ್ಟ ಪಂಜರದಲ್ಲಿ ಒಂದೊಂದೇ ಸಸಿ ಮೇಲೆ ಬಿಡಬೇಕು. ಇಷ್ಟು ನೊಣ, ಇಷ್ಟು ಗಂಟೆ, ಆಮೇಲೆ ನೊಣ ತೆಗೆದು ಸಸಿಗೆ ಚೀಟಿ ಕಟ್ಟಿ ವಾರಗಟ್ಟಲೆ ಕಾಯಬೇಕು. ಮುದುಡಿದ ಸಸಿ ಆಚೆಗೆ. ಮುದುಡದೆ ಉಳಿದಿದ್ದರ ಬೀಜ ತೆಗೆದು ಮತ್ತೆ ಬಿತ್ತಿ, ಮತ್ತೆ ನೊಣ ಬಿಟ್ಟು, ಮತ್ತೆ ಕಾಯೋದು. ಎಷ್ಟು ಗಿಡಕ್ಕೆ ಹೀಗೆ ಮಾಡ್ತೀರಮ್ಮಾ ಅಂತ ಕೇಳಿದೆ. ನಕ್ಕು, ಸಾವಿರದ ಲೆಕ್ಕದಲ್ಲಿ ಸಾರ್ ಅಂದಳು. ಅವಳ ತುಟಿಯ ಪಕ್ಕ ಪೈಪು ಒತ್ತಿದ ಗುರುತು ಕೆಂಪಗಿತ್ತು.

ಈ ಕೆಲಸಕ್ಕೆ ಐದು ವರ್ಷದ ಯೋಜನೆ, ಮೂರು ವರ್ಷದ ಹಣ ಅಂತ ಅಳತೆ ಹಾಕಿದರೆ ಆಗೋದಿಲ್ಲ. ಕಲಬುರಗಿ ಕಡೆಯವರಿಗೆ ತೊಗರಿಯ ಗೊಡ್ಡು ರೋಗ ಗೊತ್ತು. ಗಿಡ ಹಸಿರಾಗಿ ಪೊದೆಯ ಹಾಗೆ ಬೆಳೆಯುತ್ತೆ, ಹೂ ಬಿಡೋದಿಲ್ಲ, ಕಾಯಿ ಇಲ್ಲ. ಆ ರೋಗವನ್ನ ಬಿಹಾರದ ಪೂಸಾದಲ್ಲಿ ಮೊದಲು ಗುರುತಿಸಿದ್ದು 1931ರಲ್ಲಿ. ಅದು ಒಂದು ಸಣ್ಣ ನುಸಿಯಿಂದ ಹರಡುತ್ತೆ ಅಂತ ಗೊತ್ತಿತ್ತು, ಆದರೆ ಯಾವ ವೈರಸ್ ಅಂತ ಕೈಗೆ ಸಿಕ್ಕಿದ್ದು ಸುಮಾರು 2000ದ ಹೊತ್ತಿಗೆ, ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರ ಇಕ್ರಿಸ್ಯಾಟ್‌ನಲ್ಲಿ. ಹತ್ತಿರ ಹತ್ತಿರ ಎಪ್ಪತ್ತು ವರ್ಷ! ನಡುವೆ ಯಾರೂ ಸುಮ್ನೆ ಕೂತಿರಲಿಲ್ಲ. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದರು. ಹಿಡಿಯೋಕೆ ಜನ ಇದ್ದರು, ಅದಕ್ಕೆ ಆಯಿತು.

ವೈರಸ್ಸೂ ನೊಣವೂ ನಮಗೋಸ್ಕರ ಕಾಯೋದಿಲ್ಲ. 1999ರಲ್ಲಿ ನಮ್ಮ ಕೋಲಾರದಲ್ಲೇ ಹೊಸ ಬಗೆಯ ಬಿಳಿ ನೊಣ ಸಿಕ್ಕಿತು. ಬಿ ಬಯೋಟೈಪ್ ಅಂತಾರೆ. ಭಾರತದಲ್ಲಿ ಅದು ಮೊದಲು ಪತ್ತೆಯಾಗಿದ್ದೇ ಇಲ್ಲಿ. ಹಳೇ ನೊಣಕ್ಕಿಂತ ಟೊಮೆಟೊ ಮೇಲೆ ಚೆನ್ನಾಗಿ ಬೆಳೆಯುತ್ತೆ, ಜಾಸ್ತಿ ಮರಿ ಮಾಡುತ್ತೆ. ಅದನ್ನ ಗುರುತಿಸಿದ್ದೂ ಇದೇ ಬೆಂಗಳೂರಿನ ತಂಡ ಮತ್ತು ಅವರ ಜೊತೆಗಾರರು. ಆಗ ನೋಡೋ ಕಣ್ಣಿತ್ತು. ಇವತ್ತು ನಮ್ಮ ಹೊಲಕ್ಕೆ ಹೊಸದೊಂದು ಬಂದರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ ಸಾರ್? ಇದಕ್ಕೆ ನಿಮ್ಮಿಂದ ಉತ್ತರ ಬೇಕು.

ತಳಿಯ ಬಲವೂ ಶಾಶ್ವತ ಅಲ್ಲ. ನಂದಿಯಲ್ಲಿರೋದು ಈ ರೋಗ ತಡೆಯೋ ಟಿವೈ-2 ಅನ್ನೋ ಒಂದೇ ಜೀನ್. ಒಂದೇ ಬೀಗ ಇದ್ದರೆ ವೈರಸ್ ಇವತ್ತಲ್ಲ ನಾಳೆ ಕೀಲಿ ಮಾಡಿಕೊಳ್ಳುತ್ತೆ, ಕೆಲವು ಕಡೆ ಮಾಡಿಕೊಂಡೂ ಆಗಿದೆ. ಅದಕ್ಕೇ ಈಗ ಇನ್ನೊಂದು ಕಾಡು ಟೊಮೆಟೊದಿಂದ ಬಂದ ಟಿವೈ-3ನ್ನೂ ಜೊತೆಗೆ ಸೇರಿಸೋ ಕೆಲಸ ನಡೆಯುತ್ತಿದೆ. ಹೆಸರಘಟ್ಟದವರ ಅರ್ಕಾ ರಕ್ಷಕ್ ಹೈಬ್ರಿಡ್ ಮುದುಡು ರೋಗ, ಸೊರಗು ರೋಗ, ಎಲೆ ಅಂಗಮಾರಿ ಮೂರಕ್ಕೂ ತಡೆದು ನಿಂತಿದ್ದರಿಂದ ನಮ್ಮ ಕಡೆ ಎಷ್ಟೋ ಮನೆ ಉಳಿದಿವೆ. ಆದರೆ ಈಗ ಥ್ರಿಪ್ಸ್ ಅನ್ನೋ ಸಣ್ಣ ಕೀಟದಿಂದ ಬರೋ ಇನ್ನೊಂದು ವೈರಸ್ ಜಾಸ್ತಿ ಕಾಟ ಕೊಡ್ತಿದೆ. ಶೇಂಗಾದಲ್ಲಿ ಮೊಗ್ಗು ಸಾಯಿಸುತ್ತಿದ್ದದ್ದು ಅದೇ. ಟೊಮೆಟೊ ಸುಳಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಾಗುತ್ತೆ, ಹಣ್ಣಿನ ಮೇಲೆ ಉಂಗುರ ಉಂಗುರ ಕಲೆ ಬೀಳುತ್ತೆ, ಮಂಡಿಯಲ್ಲಿ ಆ ಬಾಕ್ಸ್ ಯಾರೂ ಮುಟ್ಟೋದಿಲ್ಲ. ಅಂದರೆ ಒಂದು ಕದನ ಗೆದ್ದ ಮೇಲೆ ಮನೆಗೆ ಹೋಗಿ ಮಲಗೋ ಹಾಗಿಲ್ಲ.

2020ರ ಮೇ ತಿಂಗಳು ನೆನಪಿದೆಯಾ? ಕೊರೊನಾ ಲಾಕ್‌ಡೌನ್ ನಡುವೆ ಮಹಾರಾಷ್ಟ್ರದಲ್ಲಿ ಟೊಮೆಟೊ ಹಣ್ಣು ಬಣ್ಣ ಬಣ್ಣವಾಗಿ ಕೆಟ್ಟು ಹೋಗೋಕೆ ಶುರುವಾಯಿತು. ಕೆಲವು ಟಿವಿಯವರು ಅದನ್ನ ಮನುಷ್ಯರ ಕಾಯಿಲೆ ಜೊತೆ ಸೇರಿಸಿ ಹೆದರಿಸಿಬಿಟ್ಟರು. ಗಿಡದ ವೈರಸ್ ಮನುಷ್ಯರಿಗೆ ಬರೋದಿಲ್ಲ. ಅಷ್ಟು ಹೇಳೋಕೂ ಮೊದಲು ಅದು ಯಾವ ವೈರಸ್ ಅಂತ ಗೊತ್ತಾಗಬೇಕಿತ್ತಲ್ಲ? ಅಲ್ಲಿಯ ಎಲೆ, ಹಣ್ಣನ್ನ ನಮ್ಮ ಬೆಂಗಳೂರಿಗೆ, ಹೆಸರಘಟ್ಟದ ಸಂಸ್ಥೆಗೆ ಕಳಿಸಿದರು. ಸೌತೆ ಮೊಸಾಯಿಕ್ ವೈರಸ್ ಸೇರಿದ ಹಾಗೆ ಹಳೇ ಪರಿಚಯದ ವೈರಸ್‌ಗಳೇ ಅಂತ ಅವರು ಹೇಳಿದ ಮೇಲೆ ಗಾಬರಿ ಇಳಿಯಿತು. ಬೇರೆ ರಾಜ್ಯದವರು ಹುಡುಕಿಕೊಂಡು ಬರೋ ಲ್ಯಾಬ್ ನಮ್ಮ ಮನೆ ಬಾಗಿಲಲ್ಲಿದೆ. ಕೋಲಾರದಿಂದ ಹೆಸರಘಟ್ಟಕ್ಕೆ ಸುಮಾರು ನೂರು ಕಿಲೋಮೀಟರ್. ಆದರೆ ನನ್ನಂಥವನು ಒಂದು ಎಲೆ ಹಿಡಿದುಕೊಂಡು ಅಲ್ಲಿಗೆ ಹೋಗಿ ಯಾರನ್ನ ಕೇಳಬೇಕು, ಎಷ್ಟು ದಿನ ಕಾಯಬೇಕು? ಅಷ್ಟರಲ್ಲಿ ನನ್ನ ಹದಿನೆಂಟು ದಿನದ ಸಸಿಗೆ ನಲವತ್ತು ದಿನ ಆಗಿರುತ್ತೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಈ ವಿಜ್ಞಾನ ನಮ್ಮ ಹೊಲದ ತನಕ ಬರಬೇಕು, ಮತ್ತು ನಿಲ್ಲದ ಹಾಗೆ ನಡೆಯಬೇಕು.

ಎಲೆ ನೋಡಿ ಹೇಳೋ ಒಬ್ಬರು ತಾಲ್ಲೂಕಿಗೆ ಬೇಕು. ನಮ್ಮ ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತೋಟಗಾರಿಕೆ ಕಾಲೇಜೂ ಇದೆ, ಓದಿದ ಹುಡುಗರಿದ್ದಾರೆ. ಅಲ್ಲೇ ವೈರಸ್ ಪರೀಕ್ಷೆ ಮಾಡೋ ಪುಟ್ಟ ಲ್ಯಾಬ್ ವರ್ಷಪೂರ್ತಿ ನಡೆಯಲಿ. ಬರೀ ಯಂತ್ರ ಕೊಟ್ಟು ಉದ್ಘಾಟನೆ ಮಾಡಿ ಹೋದರೆ ಪ್ರಯೋಜನ ಇಲ್ಲ, ಅದಕ್ಕೆ ಬೇಕಾದ ರಾಸಾಯನಿಕಕ್ಕೆ ಪ್ರತಿ ವರ್ಷ ದುಡ್ಡು ಬೇಕು, ಕೆಲಸ ಗೊತ್ತಿರೋ ಕಾಯಂ ಜನ ಬೇಕು. ಬೆಳಿಗ್ಗೆ ಮಂಡಿಗೆ ಹೋಗೋ ಗಾಡಿಯಲ್ಲಿ ರೈತ ಎಲೆ ಕೊಟ್ಟು ಬಂದರೆ ಮೂರು ನಾಲ್ಕು ದಿನಕ್ಕೆ ಫೋನಿಗೆ ಉತ್ತರ ಬರಬೇಕು: ಇದು ಮುದುಡು, ಇದು ಥ್ರಿಪ್ಸ್‌ನಿಂದ ಬಂದಿದ್ದು, ಇದು ವೈರಸ್ಸೇ ಅಲ್ಲ ಬರೀ ಬೋರಾನ್ ಕೊರತೆ. ಆ ಒಂದು ಉತ್ತರ ನನಗೆ ಬಂದಿದ್ದರೆ ಮೂರನೇ ಬಾಟಲಿ ಕೊಳ್ಳುತ್ತಿರಲಿಲ್ಲ. ರೋಗ ಹತ್ತಿದ ಮೊದಲ ಹತ್ತಿಪ್ಪತ್ತು ಗಿಡ ಕಿತ್ತು ಹೂಳುತ್ತಿದ್ದೆ.

ಸಸಿಯ ವಿಷಯ ಇನ್ನೂ ಮುಖ್ಯ. ಈಗ ನಾವ್ಯಾರೂ ಮನೆಯಲ್ಲಿ ಪೈರು ಹಾಕೋದಿಲ್ಲ, ನರ್ಸರಿಯಿಂದ ಟ್ರೇ ಸಸಿ ತರುತ್ತೇವೆ. ನಾನು ಹೋದ ವರ್ಷ ತಂದ ನರ್ಸರಿಯ ಹೆಸರು ಹೇಳೋದಿಲ್ಲ. ಅಲ್ಲಿ ಪಕ್ಕದ ಪರದೆಯಲ್ಲಿ ತಲೆ ತೂರಿಸುವಷ್ಟು ಹರಿದ ತೂತಿತ್ತು, ಬಾಗಿಲು ತೆರೆದೇ ಇತ್ತು, ಹಿಂದೆ ಹಳೇ ಟೊಮೆಟೊ ತೋಟ ಹಾಗೇ ಒಣಗುತ್ತಾ ನಿಂತಿತ್ತು. ಬಿಳಿ ನೊಣ ನುಗ್ಗದ ಹಾಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಒಳಗೆ ಸಸಿ ಬೆಳೆಸಬೇಕು ಅಂತ ವಿಜ್ಞಾನಿಗಳು ಎಷ್ಟೋ ವರ್ಷದಿಂದ ಹೇಳ್ತಿದ್ದಾರೆ. ಆ ಮೊದಲ 25 ದಿನ ಕಾಪಾಡಿದರೆ ಅರ್ಧ ಗೆದ್ದ ಹಾಗೆ. ನರ್ಸರಿಗಳಿಗೆ ಪರದೆ ಹಾಕೋಕೆ ಸಹಾಯಧನ ಕೊಡಿ, ಕೊಟ್ಟ ಮೇಲೆ ತಿಂಗಳಿಗೊಮ್ಮೆ ಹೋಗಿ ನೋಡಿ. ಹರಿದಿದ್ದರೆ ಮಾರಾಟ ನಿಲ್ಲಿಸಿ. ಬೀಜಕ್ಕೆ ಕಾಯ್ದೆ ಇರೋ ಹಾಗೆ ಸಸಿಗೂ ಒಂದು ಹೊಣೆ ಇರಬೇಕು ಅಲ್ವಾ?

ಮುಂದಿನ ಮಾತು ಹೇಳೋಕೆ ನನಗೇ ಸ್ವಲ್ಪ ಕಷ್ಟ. ನಮ್ಮ ಕಡೆ ವರ್ಷದ ಹನ್ನೆರಡು ತಿಂಗಳೂ ಟೊಮೆಟೊ ಇರುತ್ತೆ. ಒಬ್ಬರದು ಮುಗಿಯೋ ಹೊತ್ತಿಗೆ ಪಕ್ಕದವರದು ನಾಟಿ. ಹಳೇ ತೋಟದ ನೊಣ ಹೊಸ ತೋಟಕ್ಕೆ ಹಾರೋಕೆ ಒಂದು ಬದು ದಾಟಿದರೆ ಸಾಕು. ಡೊಮಿನಿಕನ್ ರಿಪಬ್ಲಿಕ್ ಅನ್ನೋ ಸಣ್ಣ ದೇಶದಲ್ಲಿ 1990ರ ದಶಕದಲ್ಲಿ ಇದೇ ಬಗೆಯ ವೈರಸ್ ಬಂದು ಟೊಮೆಟೊ ಬೆಳೆಯೇ ನೆಲ ಕಚ್ಚಿತ್ತು. ಅಲ್ಲಿಯ ಸರ್ಕಾರ ವರ್ಷದಲ್ಲಿ ಸುಮಾರು ಮೂರು ತಿಂಗಳು ನೊಣಕ್ಕೆ ಆಸರೆ ಕೊಡೋ ಬೆಳೆ ಯಾರೂ ಇಡಬಾರದು ಅಂತ ಆದೇಶ ಮಾಡಿತು. ಬೆಳೆ ಮತ್ತೆ ಎದ್ದಿತು. ನಮ್ಮಲ್ಲಿ ಹಾಗೆ ಏಕಾಏಕಿ ಆದೇಶ ಮಾಡಬೇಡಿ ಸಾರ್, ಎರಡು ಎಕರೆಯವನು ಮೂರು ತಿಂಗಳು ಏನು ತಿನ್ನಬೇಕು? ಆದರೆ ನಾಲ್ಕೈದು ಹಳ್ಳಿ ಸೇರಿಸಿ, ಆ ಸಮಯಕ್ಕೆ ರಾಗಿಯೋ ಮುಸುಕಿನ ಜೋಳವೋ ಹಾಕಿದವರಿಗೆ ಸ್ವಲ್ಪ ನೆರವು ಕೊಟ್ಟು, ಮುಗಿದ ತೋಟವನ್ನ ವಾರದೊಳಗೆ ಕಿತ್ತು ಹಾಕೋ ಕೂಲಿಗೆ ನರೇಗಾ ಥರದ ದಾರಿ ಹುಡುಕಿ, ಒಮ್ಮೆ ಮಾಡಿ ನೋಡಬಹುದು. ನಮ್ಮ ಊರವರನ್ನ ಒಪ್ಪಿಸೋಕೆ ನಾನು ಮನೆ ಮನೆಗೆ ಬರುತ್ತೇನೆ. ಹೋದ ವರ್ಷ ಕಳೆದುಕೊಂಡವರು ನಮ್ಮೂರಲ್ಲೇ ಹನ್ನೊಂದು ಮನೆ ಇದ್ದೇವೆ.

ಇನ್ನು ಬೀಜ. ಅರ್ಕಾ ರಕ್ಷಕ್ ಹೈಬ್ರಿಡ್ ಆದ್ದರಿಂದ ಪ್ರತಿ ಸಲ ಕೊಳ್ಳಬೇಕು, ಅದರಲ್ಲಿ ತಪ್ಪಿಲ್ಲ, ಇಳುವರಿಯೂ ಜಾಸ್ತಿ. ಆದರೆ ನಂದಿ, ಸಂಕ್ರಾಂತಿ, ವೈಭವ್ ರೈತ ತಾನೇ ಬೀಜ ತೆಗೆದುಕೊಳ್ಳಬಹುದಾದ ತಳಿಗಳು. ಟೊಮೆಟೊ ಹೂವು ತನ್ನಲ್ಲೇ ತಾನು ಕಾಯಿ ಕಟ್ಟೋದರಿಂದ ತಳಿ ಕೆಡೋದು ಕಡಿಮೆ. ಖಾಸಗಿ ಬೀಜದವರೂ ಇಂಥ ತಳಿಗಳನ್ನ ಬಳಸಿಕೊಂಡೇ ಎಷ್ಟೋ ಹೈಬ್ರಿಡ್ ಮಾಡಿದ್ದಾರೆ. ಸಾರ್ವಜನಿಕ ದುಡ್ಡಲ್ಲಿ, ಸಾರ್ವಜನಿಕ ವಿಜ್ಞಾನಿಗಳು ಮಾಡಿದ ಆ ಮೂಲ ತಳಿಗಳ ಬೀಜ ಕೇಳಿದ ರೈತನಿಗೆ ಸಿಗೋ ಹಾಗಿರಲಿ. ಬಲ ಕುಗ್ಗಿದ್ದರೆ ಅದರಲ್ಲೇ ಟಿವೈ-3 ಸೇರಿಸಿ ಹೊಸ ನಂದಿ ಮಾಡಿ ಕೊಡಿ. ಅದನ್ನ ಮಾಡೋರು ಇಲ್ಲೇ ಇದ್ದಾರೆ. ನಳಿಕೆ ಹಿಡಿದು ಕೂತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಆದರೆ ಅಂಥವರಿಗೆ ಓದು ಮುಗಿದ ಮೇಲೆ ಇದೇ ಕೆಲಸದಲ್ಲಿ ನಿಲ್ಲೋಕೆ ಒಂದು ಕಾಯಂ ಹುದ್ದೆ, ಪ್ರಾಧ್ಯಾಪಕರು ನಿವೃತ್ತರಾಗೋ ಮುಂಚೆಯೇ ಅವರ ಜೊತೆ ನಾಲ್ಕು ವರ್ಷ ಕಲಿಯೋಕೆ ಒಬ್ಬ ಕಿರಿಯರು, ಇದನ್ನ ದಯವಿಟ್ಟು ಖರ್ಚು ಅಂತ ನೋಡಬೇಡಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಇಡೀ ದೇಶ ಕೋಲಾರದ ಕಡೆ ನೋಡಿತು. ಆಗ ಮಂಡಿಗೆ ಮಾಲು ಕಡಿಮೆ ಬಂದಿದ್ದಕ್ಕೆ ಮಳೆ ಜೊತೆ ಈ ಎಲೆ ಮುದುಡೂ ಒಂದು ಕಾರಣ ಅಂತ ಪೇಪರಿನಲ್ಲೇ ಬಂದಿತ್ತು.

ಕೊನೆಯದಾಗಿ ಒಂದು ವಿಷಯ, ಇದು ಸ್ವಲ್ಪ ಮನೆಯದು.

ಅಪ್ಪ ಹೋದ ಮೇಲೂ ಅಮ್ಮ ಆ ನಂದಿ ತಳಿಯನ್ನ ಬಿಟ್ಟಿಲ್ಲ. ಪ್ರತಿ ವರ್ಷ ತೊಟ್ಟಿ ಪಕ್ಕ ಒಂದು ಸಾಲು, ಹದಿನೈದು ಇಪ್ಪತ್ತು ಗಿಡ, ಮನೆ ಸಾರಿಗೆ ಅಂತ ಹಾಕುತ್ತಾಳೆ. ಅದರಲ್ಲಿ ಚೆನ್ನಾಗಿ ನಿಂತ ಎರಡು ಗಿಡಕ್ಕೆ ಕೆಂಪು ದಾರ ಕಟ್ಟಿ, ಅದರ ಹಣ್ಣು ಗಿಡದಲ್ಲೇ ಪೂರ್ತಿ ಮಾಗೋಕೆ ಬಿಟ್ಟು, ಮಡಕೆಗೆ ಹಿಂಡಿ, ಎರಡು ದಿನ ಹುಳಿಯೋಕೆ ಬಿಟ್ಟು ತೊಳೆದು, ಹಳೇ ಪಂಚೆ ಮೇಲೆ ನೆರಳಲ್ಲಿ ಹರಡುತ್ತಾಳೆ. ಹೋದ ವರ್ಷ ನನ್ನ ಎರಡು ಎಕರೆ ಮುದುಡಿ ಹೋದಾಗಲೂ ಆ ಸಾಲಿನಲ್ಲಿ ಹಣ್ಣಿತ್ತು. ಕೆಲವು ಗಿಡದ ಸುಳಿ ಸ್ವಲ್ಪ ಮಡಚಿಕೊಂಡಿದ್ದನ್ನ ನಾನು ನೋಡಿದೆ, ಮೊದಲು ಹಾಗಿರಲಿಲ್ಲ. ಅದು ಬಿಸಿಲಿಗೋ, ಬೀಜ ಬೆರಕೆ ಆಗಿದೆಯೋ, ವೈರಸ್ ಬದಲಾಗಿದೆಯೋ ಅಂತ ಅಮ್ಮ ನನ್ನನ್ನ ಕೇಳುತ್ತಿದ್ದಾಳೆ. ನನಗೆ ಹೇಳೋಕೆ ಬರೋದಿಲ್ಲ. ಈ ವರ್ಷದ ಬೀಜ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿದೆ, ಮಡಚಿಕೊಂಡ ಎಲೆಗಳನ್ನ ಪೇಪರ್ ನಡುವೆ ಒಣಗಿಸಿ ಇಟ್ಟಿದ್ದೇನೆ. ನಿಮ್ಮ ಕಡೆಯಿಂದ ಯಾರಾದರೂ ಒಬ್ಬರನ್ನ ಕಳಿಸಿ. ಎರಡನ್ನೂ ಕೊಡುತ್ತೇವೆ, ಪರೀಕ್ಷೆ ಮಾಡಿ ಅಮ್ಮನಿಗೆ ಏನಾಗಿದೆ ಅಂತ ಹೇಳಿದರೆ ಸಾಕು. ಮಧ್ಯಾಹ್ನದ ಹೊತ್ತಿಗೆ ಬಂದರೆ ಊಟ ಮಾಡಿಕೊಂಡೇ ಹೋಗಬೇಕು.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಟೊಮೆಟೊ ಬೆಳೆಗಾರ